ಲಾಗ್ ಹಾಕಿದರೆ ತೊಂದರೆ ಮಾಯ, ತೆಗೆದರೆ ಹಾಜರ್: ಡ್ರೈವರ್ ಕೋಡ್ ರಿವ್ಯೂನಲ್ಲಿ ಏನು ನೋಡಬೇಕು?

ಪ್ರಶ್ನೆ: ನಾನು ಎರಡು ವರ್ಷದಿಂದ ಲಿನಕ್ಸ್ ಡಿವೈಸ್ ಡ್ರೈವರ್ ಬರೆಯುವ ತಂಡದಲ್ಲಿದ್ದೇನೆ. ಸೆನ್ಸರ್ ಒಂದರ ಡ್ರೈವರ್‌ನಲ್ಲಿ ಆಗಾಗ ಡೇಟಾ ಕಳೆದುಹೋಗುತ್ತಿತ್ತು. ಕಾರಣ ಹುಡುಕಲು ಇಂಟರಪ್ಟ್ ಹ್ಯಾಂಡ್ಲರ್ (ಹಾರ್ಡ್‌ವೇರ್ ಸಂಕೇತ ಕೊಟ್ಟಾಗ ಓಡುವ ಫಂಕ್ಷನ್) ಸೇರಿದಂತೆ ಹಲವು ಕಡೆ ಪ್ರಿಂಟ್‌ಕೆ, ಅಂದರೆ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ) ಲಾಗ್ ಬರೆಯುವ ಫಂಕ್ಷನ್, ಹಾಕಿದೆ. ಹಾಕಿದ ಕೂಡಲೇ ತೊಂದರೆ ನಿಂತಿತು, ತೆಗೆದರೆ ಮತ್ತೆ ಬಂತು. ಕೊನೆಗೆ ಒಂದೆರಡು ಬದಲಾವಣೆ ಮಾಡಿ, ಲಾಗ್ ಸಾಲುಗಳನ್ನೂ ಉಳಿಸಿಕೊಂಡು, ಆ ಫೈಲಿನ ಹಳೆಯ ಇಂಡೆಂಟೇಶನ್ ಕೂಡ ಸರಿಮಾಡಿ ಒಂದೇ ಪ್ಯಾಚ್ (ಕೋಡ್ ಬದಲಾವಣೆಯ ಕಟ್ಟು) ಕಳಿಸಿದೆ. ರಿವ್ಯೂ ಮಾಡಿದ ಹಿರಿಯರು ಇಪ್ಪತ್ತಕ್ಕೂ ಹೆಚ್ಚು ಟಿಪ್ಪಣಿ ಬರೆದರು. ಬಹುತೇಕ ಎಲ್ಲವೂ ಸ್ಪೇಸ್, ಟ್ಯಾಬ್, ಬ್ರೇಸ್ ಬಗ್ಗೆ. ಕೊನೆಯಲ್ಲಿ ಒಂದು ಸಾಲು: "ಡಿಬಗ್ ಲಾಗ್ ಎಲ್ಲ ತೆಗೆಯಿರಿ." ಸ್ಟೈಲ್ ಬಗ್ಗೆ ಇಷ್ಟು ಹಠ ಬೇಕೇ? ಲಾಗ್ ಎಲ್ಲ ತೆಗೆದರೆ ನಾಳೆ ಗ್ರಾಹಕರ ಬಳಿ ತೊಂದರೆ ಬಂದಾಗ ನಮಗೇನು ಗತಿ? ಲೆವೆಲ್ ಅನ್ನು ಡಿಬಗ್‌ಗೆ ಇಳಿಸಿ ಇಟ್ಟರೆ ಸಾಲದೇ? ಮುಂದಿನ ತಿಂಗಳಿಂದ ನಾನೂ ಬೇರೆಯವರ ಕೋಡ್ ರಿವ್ಯೂ ಮಾಡಬೇಕಿದೆ. ಏನನ್ನು ನೋಡಬೇಕು?

ಉತ್ತರ: ನೀವು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರವಿದೆ. ಆದರೆ ಅವುಗಳಿಗಿಂತ ಗಂಭೀರವಾದ ಸಂಗತಿಯನ್ನು ನೀವು ಪ್ರಶ್ನೆಯಾಗಿ ಕೇಳಿಯೇ ಇಲ್ಲ. ಲಾಗ್ ಹಾಕಿದರೆ ಡೇಟಾ ಕಳೆಯುವುದು ನಿಲ್ಲುತ್ತದೆ, ತೆಗೆದರೆ ಮತ್ತೆ ಶುರುವಾಗುತ್ತದೆ ಎಂದಿದ್ದೀರಿ. ಹಾಗಿದ್ದಲ್ಲಿ ನಿಮ್ಮ ಪ್ಯಾಚ್ ದೋಷವನ್ನು ಸರಿಪಡಿಸಿಲ್ಲ, ಮುಚ್ಚಿಟ್ಟಿದೆ. ಟ್ಯಾಬ್‌ಗಳು ಅಚ್ಚುಕಟ್ಟಾಗಿದ್ದರೂ ಅದನ್ನು ಮುಖ್ಯ ಕೋಡಿಗೆ ಮರ್ಜ್ ಮಾಡುವಂತಿರಲಿಲ್ಲ. ಇಪ್ಪತ್ತು ಟಿಪ್ಪಣಿಗಳ ನಡುವೆ ಈ ಒಂದು ಮಾತು ಬಾರದೇ ಹೋದದ್ದು ನನಗೆ ನಿಜಕ್ಕೂ ಬೇಸರ ತಂದಿತು. ಹಾಗಾಗಿ ಮೊದಲು ಅದನ್ನೇ ನೋಡೋಣ.

ಲಾಗ್ ಸಾಲು ಯಾಕೆ ದೋಷವನ್ನು ಮರೆಮಾಡುತ್ತದೆ

ಲಾಗ್ ಎಂದರೆ ಕೋಡಿನ ಪಕ್ಕದಲ್ಲಿ ಬರೆದ ಟಿಪ್ಪಣಿ ಎಂದು ಬಹಳ ಜನ ತಿಳಿದಿರುತ್ತಾರೆ. ಅಪ್ಲಿಕೇಶನ್ ಮಟ್ಟದಲ್ಲಿ ಆ ತಿಳಿವಳಿಕೆಯಿಂದ ಅಷ್ಟೇನೂ ತೊಂದರೆಯಾಗದು. ಕರ್ನಲ್, ಫರ್ಮ್‌ವೇರ್ ಮಟ್ಟದಲ್ಲಿ ಲಾಗ್ ಸಾಲೂ ಕೆಲಸ ಮಾಡುವ ಕೋಡೇ. ಅದು ಸಮಯ ತಿನ್ನುತ್ತದೆ, ಲಾಕ್ (ಒಂದೇ ಡೇಟಾವನ್ನು ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಕಾಯುವ ಬೀಗ) ಹಿಡಿಯುತ್ತದೆ, ಮೆಮೊರಿ ಮುಟ್ಟುತ್ತದೆ, ಕೆಲವೊಮ್ಮೆ ಹಾರ್ಡ್‌ವೇರ್‌ನ ಸ್ಥಿತಿಯನ್ನೂ ಬದಲಿಸುತ್ತದೆ.

ಸಮಯದ ಲೆಕ್ಕ ನೋಡಿ. ನಿಮ್ಮ ಬೋರ್ಡಿನ ಕನ್ಸೋಲ್ 115200 ಬಾಡ್‌ನ ಸೀರಿಯಲ್ ಪೋರ್ಟ್ ಎಂದುಕೊಳ್ಳೋಣ. ಸ್ಟಾರ್ಟ್ ಬಿಟ್, ಸ್ಟಾಪ್ ಬಿಟ್ ಸೇರಿ ಒಂದು ಅಕ್ಷರಕ್ಕೆ 10 ಬಿಟ್ ಬೇಕು. ಅಂದರೆ ಸೆಕೆಂಡಿಗೆ 11,520 ಅಕ್ಷರ. 80 ಅಕ್ಷರದ ಒಂದು ಸಾಲು ಹೊರಹೋಗಲು ಸುಮಾರು 7 ಮಿಲಿಸೆಕೆಂಡ್ ಹಿಡಿಯುತ್ತದೆ. ಒಂದು ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದು 70 ಲಕ್ಷ ಸೈಕಲ್. ಹಳೆಯ ಪದ್ಧತಿಯ ಕನ್ಸೋಲ್‌ನಲ್ಲಿ ಪ್ರಿಂಟ್‌ಕೆ ಕರೆದವರೇ ಬಹಳಷ್ಟು ಸಲ ಆ ಅಕ್ಷರಗಳನ್ನು ಹೊರದೂಡುವ ಕೆಲಸವನ್ನೂ ಮಾಡಬೇಕಾಗುತ್ತದೆ, ಅದು ಇಂಟರಪ್ಟ್ ಹ್ಯಾಂಡ್ಲರ್ ಆಗಿದ್ದರೂ ಸರಿ. ಲಿನಕ್ಸ್‌ನ ರಿಯಲ್‌ಟೈಮ್ ಆಯ್ಕೆ ಮುಖ್ಯ ಕರ್ನಲ್ ಸೇರಲು 2024ರ ನವೆಂಬರ್‌ನಲ್ಲಿ ಬಂದ 6.12 ಆವೃತ್ತಿಯವರೆಗೆ ಕಾಯಬೇಕಾಯಿತು. ಕೊನೆಯವರೆಗೂ ಉಳಿದಿದ್ದ ದೊಡ್ಡ ಅಡ್ಡಿಗಳಲ್ಲಿ ಪ್ರಿಂಟ್‌ಕೆಯೇ ಮುಖ್ಯವಾದದ್ದು. ಈಗ ಮುದ್ರಣವನ್ನು ಬೇರೆ ಥ್ರೆಡ್‌ಗೆ ಒಪ್ಪಿಸುವ ವ್ಯವಸ್ಥೆ ಇದೆ, ಆದರೆ ಅದಕ್ಕೆ ಹೊಂದಿಸಿ ಬರೆದ ಕನ್ಸೋಲ್ ಡ್ರೈವರ್‌ಗೆ ಮಾತ್ರ ಅದರ ಲಾಭ.

ಸೆನ್ಸರ್ ಡೇಟಾ ಸಿದ್ಧವಾಗುವ ಮೊದಲೇ ನಿಮ್ಮ ಕೋಡ್ ಓದುತ್ತಿದ್ದರೆ ಆ 7 ಮಿಲಿಸೆಕೆಂಡ್ ತಡ ಅದಕ್ಕೆ ಬೇಕಾದ ಬಿಡುವು ಕೊಟ್ಟಿರುತ್ತದೆ. ಎರಡು ಕಡೆಯಿಂದ ಒಂದೇ ಬಫರ್ ಮುಟ್ಟುತ್ತಿದ್ದರೆ, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಬರುವಷ್ಟು ಅಂತರ ತಾನಾಗಿಯೇ ಆಗಿರುತ್ತದೆ. ಇಲ್ಲಿಯವರೆಗೆ ಬಹುತೇಕರು ಊಹಿಸುತ್ತಾರೆ. ಊಹಿಸದೇ ಇರುವ ಇನ್ನೆರಡು ಕಾರಣಗಳಿವೆ, ಅವನ್ನೂ ತಪ್ಪದೆ ನೋಡಿ.

ಒಂದು: ಲಾಗ್ ಸಾಲಿಗೆ ಕೊಟ್ಟ ಆರ್ಗ್ಯುಮೆಂಟ್. ಸ್ಟೇಟಸ್ ರಿಜಿಸ್ಟರ್‌ನ ಬೆಲೆ ತಿಳಿಯಲು ಲಾಗ್ ಸಾಲಿನೊಳಗೇ ರಿಜಿಸ್ಟರ್ ಓದುವ ಫಂಕ್ಷನ್ ಕರೆದಿದ್ದೀರಾ? ಎಷ್ಟೋ ಚಿಪ್‌ಗಳಲ್ಲಿ ಸ್ಟೇಟಸ್ ರಿಜಿಸ್ಟರ್ ಓದಿದರೆ ಸಾಕು, ಅದರೊಳಗಿನ ಫ್ಲ್ಯಾಗ್ ಅಳಿಸಿಹೋಗುತ್ತದೆ. ಅಂಥ ಚಿಪ್‌ನಲ್ಲಿ ನಿಮ್ಮ ಲಾಗ್ ಸಾಲು ಬಾಕಿ ಉಳಿದ ಇಂಟರಪ್ಟ್ ಅನ್ನು ಪ್ರತಿ ಸಲವೂ ತೆರವು ಮಾಡುತ್ತಿರುತ್ತದೆ, ಮೂಲ ಕೋಡ್ ಮಾಡಬೇಕಾಗಿದ್ದೂ ಮಾಡದೇ ಬಿಟ್ಟ ಕೆಲಸವನ್ನು. ಸೆನ್ಸರ್‌ನ ಡೇಟಾಶೀಟ್ ತೆರೆದು ಆ ರಿಜಿಸ್ಟರ್‌ನ ವಿವರಣೆಯಲ್ಲಿ ಓದಿದ ಮೇಲೆ ಏನಾಗುತ್ತದೆ ಎಂದು ಬರೆದಿದೆ, ನೋಡಿ. ನಾನಾಗಿದ್ದರೆ ಬೇರೆಲ್ಲಕ್ಕಿಂತ ಮೊದಲು ಇದನ್ನೇ ಪರೀಕ್ಷಿಸುತ್ತಿದ್ದೆ, ಐದು ನಿಮಿಷದ ಕೆಲಸ.

ಇನ್ನೊಂದು: ಕಂಪೈಲರ್. ಲೂಪ್ ಒಳಗೆ ಒಂದು ಫ್ಲ್ಯಾಗ್ ಬದಲಾಗುವುದನ್ನು ಕಾಯುತ್ತಿದ್ದೀರಿ, ಅದನ್ನು ಬದಲಿಸುವುದು ಇಂಟರಪ್ಟ್ ಹ್ಯಾಂಡ್ಲರ್. ಸಾದಾ ವೇರಿಯಬಲ್ ಆಗಿದ್ದರೆ ಕಂಪೈಲರ್ ಅದನ್ನು ಒಮ್ಮೆ ಓದಿ ಪ್ರೊಸೆಸರ್ ರಿಜಿಸ್ಟರ್‌ನಲ್ಲೇ ಇಟ್ಟುಕೊಳ್ಳಬಹುದು. ನಡುವೆ ಪ್ರಿಂಟ್‌ಕೆ ಬಂದರೆ ಅದು ಹೊರಗಿನ ಫಂಕ್ಷನ್. ಅದು ಮೆಮೊರಿಯಲ್ಲಿ ಏನು ಬದಲಿಸಿತೋ ಎಂದು ಕಂಪೈಲರ್ ಮತ್ತೆ ಮೆಮೊರಿಯಿಂದಲೇ ಓದಬೇಕಾಗುತ್ತದೆ. ಲಾಗ್ ತೆಗೆದ ಕೂಡಲೇ ಮರು-ಓದುವಿಕೆಯೂ ಹೋಗುತ್ತದೆ. ಇದಕ್ಕೆ ಮದ್ದು ಪ್ರತಿ ಸಲ ಮೆಮೊರಿಯನ್ನೇ ಮುಟ್ಟುವಂತೆ ಮಾಡುವ ರೀಡ್_ಒನ್ಸ್ ಮತ್ತು ರೈಟ್_ಒನ್ಸ್, ಅಥವಾ ಸರಿಯಾದ ಲಾಕ್. ವಿಳಂಬ ತುರುಕುವುದು ಮದ್ದಲ್ಲ.

ಹುಡುಕುವುದು ಹೇಗೆ? ಪ್ರಿಂಟ್‌ಕೆ ಬದಲು ಟ್ರೇಸ್_ಪ್ರಿಂಟ್‌ಕೆ ಬಳಸಿ. ಅದು ಕನ್ಸೋಲ್ ಕಡೆ ಹೋಗುವುದೇ ಇಲ್ಲ, ಮೆಮೊರಿಯಲ್ಲಿರುವ, ಎಫ್‌ಟ್ರೇಸ್ ಎಂಬ ಕರ್ನಲ್ ಟ್ರೇಸಿಂಗ್ ಸಾಧನದ ರಿಂಗ್ ಬಫರ್‌ಗೆ ಬರೆಯುತ್ತದೆ. ಸೀರಿಯಲ್‌ನ ಮಿಲಿಸೆಕೆಂಡ್‌ಗಳ ಜಾಗದಲ್ಲಿ ಮೈಕ್ರೋಸೆಕೆಂಡಿನ ಒಂದು ಪಾಲು ಮಾತ್ರ ಖರ್ಚು. ದೋಷ ಮತ್ತೆ ಕಾಣಿಸಿಕೊಳ್ಳುವ ಸಾಧ್ಯತೆ ಬಹಳ ಹೆಚ್ಚು. ಇದು ನಿಮ್ಮ ಮೇಜಿನ ಮೇಲಿನ ಬೋರ್ಡಿಗೆ ಮಾತ್ರ, ಪ್ಯಾಚ್‌ನಲ್ಲಿ ಉಳಿಯುವಂತಿಲ್ಲ. ಉಳಿದರೆ ಇದು ಡಿಬಗ್ ಕರ್ನಲ್, ನಿಜ ಬಳಕೆಗೆ ತಕ್ಕದ್ದಲ್ಲ ಎಂದು ಕರ್ನಲ್ಲೇ ದೊಡ್ಡ ಚೌಕಟ್ಟು ಹಾಕಿ ಎಚ್ಚರಿಸುತ್ತದೆ. ಬೋರ್ಡ್ 64 ಬಿಟ್‌ನದ್ದಾದರೆ, 2020ರಲ್ಲಿ 5.8 ಆವೃತ್ತಿಯೊಂದಿಗೆ ಬಂದ ಕೆಸಿಸ್ಯಾನ್ ಎಂಬ ಡೇಟಾ ರೇಸ್ (ಎರಡು ಕಡೆಯಿಂದ ಒಂದೇ ಡೇಟಾವನ್ನು ಹೊಂದಾಣಿಕೆಯಿಲ್ಲದೆ ಮುಟ್ಟುವುದು) ಪತ್ತೆ ಸಾಧನವನ್ನು ಚಾಲೂ ಮಾಡಿದ ಪರೀಕ್ಷಾ ಕರ್ನಲ್ ಕಟ್ಟಿ ಓಡಿಸಿ. ಲಾಕ್‌ಗಳ ಕ್ರಮದ ಬಗ್ಗೆ ಅನುಮಾನವಿದ್ದರೆ ಅದನ್ನು ಪರೀಕ್ಷಿಸುವ ಲಾಕ್‌ಡೆಪ್ ಇದ್ದೇ ಇದೆ.

ಸ್ಟೈಲ್: ಎಲ್ಲಿಯವರೆಗೆ ಹಠ, ಎಲ್ಲಿಂದ ಬಿಡುವುದು

ಸ್ಟೈಲ್‌ಗೂ ದೋಷಕ್ಕೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ಅದು ತಪ್ಪು. 2014ರ ಫೆಬ್ರವರಿಯಲ್ಲಿ ಆಪಲ್ ಸರಿಪಡಿಸಿದ ಟಿಎಲ್‌ಎಸ್ (ಇಂಟರ್ನೆಟ್ ಸಂಪರ್ಕವನ್ನು ಸುರಕ್ಷಿತವಾಗಿಡುವ ವಿಧಾನ) ದೋಷವನ್ನು ನೆನಪಿಸಿಕೊಳ್ಳಿ. ಬ್ರೇಸ್ ಇಲ್ಲದ ಒಂದು ಇಫ್ ಕೆಳಗೆ 'ಗೋಟು ಫೇಲ್' ಎಂಬ ಸಾಲು ಎರಡು ಸಲ ಬಿದ್ದಿತ್ತು. ಎರಡೂ ಒಂದೇ ಇಂಡೆಂಟ್‌ನಲ್ಲಿದ್ದವು, ಆದರೆ ಎರಡನೆಯದು ಇಫ್‌ಗೆ ಸೇರಿರಲಿಲ್ಲ. ಷರತ್ತು ಏನೇ ಇರಲಿ ನಿಯಂತ್ರಣ ಅಲ್ಲಿಂದ ಹಾರುತ್ತಿತ್ತು. ಆ ಹೊತ್ತಿಗೆ ಎರರ್ ವೇರಿಯಬಲ್‌ನಲ್ಲಿ ಸೊನ್ನೆ ಇದ್ದದ್ದರಿಂದ, ಸರ್ವರ್‌ನ ಸಹಿ ಪರಿಶೀಲನೆ ನಡೆಯದೆಯೂ ಎಲ್ಲ ಸರಿಯಿದೆ ಎಂಬ ಉತ್ತರ ಮರಳುತ್ತಿತ್ತು. ಕಣ್ಣಿಗೆ ಕಾಣುವ ಆಕಾರ ಒಂದು, ಕಂಪೈಲರ್ ಓದುವ ಅರ್ಥ ಇನ್ನೊಂದು. 2016ರಲ್ಲಿ ಬಂದ ಜಿಸಿಸಿ ಕಂಪೈಲರ್‌ನ 6ನೇ ಆವೃತ್ತಿ, ದಾರಿ ತಪ್ಪಿಸುವ ಇಂಡೆಂಟೇಶನ್ ಬಗ್ಗೆ ತಾನೇ ಎಚ್ಚರಿಕೆ ಕೊಡಲು ಶುರುಮಾಡಿತು.

ಹಾಗಂತ ಪ್ರತಿ ಸ್ಪೇಸನ್ನೂ ಮನುಷ್ಯರು ಹುಡುಕಬೇಕು ಎನ್ನುವುದೂ ತಪ್ಪೇ. ಸ್ಟೈಲ್ ಪರೀಕ್ಷಿಸುವ ಚೆಕ್‌ಪ್ಯಾಚ್, ಕೋಡನ್ನು ತಾನೇ ಜೋಡಿಸುವ ಕ್ಲ್ಯಾಂಗ್-ಫಾರ್ಮ್ಯಾಟ್ ಇರುವುದೇ ಅದಕ್ಕೆ. ಕಳಿಸುವ ಮೊದಲು ನೀವು ಓಡಿಸಬೇಕು, ಕಳಿಸಿದ ಮೇಲೆ ಸ್ವಯಂಚಾಲಿತ ಪರೀಕ್ಷೆ ಇನ್ನೊಮ್ಮೆ ಓಡಿಸಬೇಕು. ರಿವ್ಯೂ ಮಾಡುವವರ ಗಮನಕ್ಕೆ ಮಿತಿಯಿದೆ. ಹತ್ತು ಟ್ಯಾಬ್ ತಿದ್ದುವಷ್ಟರಲ್ಲಿ ಅದು ಮುಗಿದುಹೋಗುತ್ತದೆ, ಲಾಕ್ ಬಿಡದೆ ಹಿಂತಿರುಗುವ ಎರರ್ ಪಾತ್ (ಸೋತಾಗ ಕೋಡ್ ಹಿಡಿಯುವ ದಾರಿ) ಕಣ್ಣು ತಪ್ಪಿಸಿಕೊಳ್ಳುತ್ತದೆ. ನಿಮ್ಮ ವಿಷಯದಲ್ಲಿ ಆದದ್ದು ಬಹುಶಃ ಇದೇ.

ಆದರೆ ಇದರಲ್ಲಿ ನಿಮ್ಮ ಪ್ಯಾಚ್‌ನ ಪಾಲೂ ಇದೆ. ಇಂಡೆಂಟೇಶನ್ ಬದಲಾವಣೆ, ದೋಷದ ತಿದ್ದುಪಡಿ, ಲಾಗ್ ಸಾಲು ಮೂರನ್ನೂ ಒಂದರಲ್ಲಿ ಕಲಸಿದರೆ ಓದುವವರ ಕಣ್ಣಿಗೆ ಬೀಳುವುದು ಬಣ್ಣ ಬದಲಾದ ಇನ್ನೂರು ಸಾಲು. ಅದರಲ್ಲಿ ನಿಜವಾದ ತಿದ್ದುಪಡಿ ನಾಲ್ಕೇ ಸಾಲು ಇರಬಹುದು. ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಆರು ತಿಂಗಳ ನಂತರ ಹೊಸ ದೋಷ ಬಂದು ಬೈಸೆಕ್ಟ್ ಮಾಡಿದರೆ (ಇತಿಹಾಸವನ್ನು ಅರ್ಧರ್ಧ ಮಾಡುತ್ತ ದೋಷ ತಂದ ಪ್ಯಾಚ್ ಹುಡುಕಿದರೆ) ಬೆರಳು ಈ ಪ್ಯಾಚ್ ಕಡೆ ತೋರುತ್ತದೆ, ಇನ್ನೂರರಲ್ಲಿ ಯಾವ ಸಾಲು ಎಂದು ಗೊತ್ತಾಗುವುದಿಲ್ಲ. ಹಳೆಯ ಸ್ಟೇಬಲ್ ಆವೃತ್ತಿಗೆ ತಿದ್ದುಪಡಿಯನ್ನು ಒಯ್ಯಲು ಹೋದರೆ ಪ್ಯಾಚ್ ಕೂರುವುದಿಲ್ಲ. ಸಾಲನ್ನು ಕೊನೆಗೆ ಬದಲಿಸಿದವರನ್ನು ತೋರಿಸುವ ಗಿಟ್ ಬ್ಲೇಮ್ ಕೇಳಿದರೆ ಪ್ರತಿ ಸಾಲಿಗೂ ನಿಮ್ಮ ಹೆಸರು ಬರುತ್ತದೆ, ಆ ಸಾಲನ್ನು ಮೊದಲು ಯಾಕೆ ಬರೆದರು ಎಂಬ ಕಾರಣ ಹಿಂದೆ ಸರಿಯುತ್ತದೆ.

ಹಳೆಯ ಫೈಲನ್ನು ಏನು ಮಾಡಬೇಕು ಎಂಬುದಕ್ಕೆ ದಾರಿಗಳು ಹಲವು. ಇದ್ದ ಹಾಗೆಯೇ ಬಿಡುವುದು ಮೊದಲನೆಯದು. ಕೋಡ್ ಓದಲು ತುಸು ಕಷ್ಟವಾದರೂ ಇತಿಹಾಸ, ಬ್ಯಾಕ್‌ಪೋರ್ಟ್ (ತಿದ್ದುಪಡಿಯನ್ನು ಹಳೆಯ ಆವೃತ್ತಿಗೆ ಒಯ್ಯುವುದು) ಎರಡೂ ಕೆಡುವುದಿಲ್ಲ. ದೋಷ ಸರಿಪಡಿಸುತ್ತಿರುವಾಗ ನಾನು ಹೇಳುವುದು ಇದನ್ನೇ. ಮುಟ್ಟಿದ ಫಂಕ್ಷನ್ನನ್ನು ಮಾತ್ರ, ಬೇರೆ ಪ್ಯಾಚ್‌ನಲ್ಲಿ, ತಿದ್ದುಪಡಿಯ ನಂತರ ಅಚ್ಚುಕಟ್ಟು ಮಾಡುವುದು ಮಧ್ಯದ ದಾರಿ. ತಿದ್ದುಪಡಿ ಮೊದಲು ಇದ್ದರೆ ಅದನ್ನೊಂದನ್ನೇ ಹಳೆಯ ಆವೃತ್ತಿಗೆ ಒಯ್ಯಬಹುದು. ಇಡೀ ಫೈಲನ್ನು ಒಮ್ಮೆಲೇ ಬದಲಿಸುವುದಾದರೆ, ಆ ಫೈಲಿನ ಮೇಲೆ ಬೇರೆ ಯಾರ ಕೆಲಸವೂ ಬಾಕಿ ಇಲ್ಲದ ಹೊತ್ತು ನೋಡಿ, ಬದಲಾವಣೆಗೆ ಮುಂಚಿನ ಮತ್ತು ನಂತರದ ಆಬ್ಜೆಕ್ಟ್ ಫೈಲುಗಳ ಸೂಚನೆಗಳನ್ನು ಹೋಲಿಸಿ. ಇಲ್ಲೊಂದು ಸೂಕ್ಷ್ಮವಿದೆ: ಡೈನಮಿಕ್ ಡಿಬಗ್ (ಓಡುವಾಗಲೇ ಡಿಬಗ್ ಲಾಗ್ ತೆರೆದು ಮುಚ್ಚುವ ವ್ಯವಸ್ಥೆ), ವಾರ್ನ್_ಆನ್ (ಷರತ್ತು ನಿಜವಾದರೆ ಎಚ್ಚರಿಕೆ ಬರೆಯುವ ಮ್ಯಾಕ್ರೋ) ಮುಂತಾದವು ಸಾಲಿನ ಸಂಖ್ಯೆಯನ್ನು ಡೇಟಾ ಭಾಗದಲ್ಲಿ ಬರೆದಿಟ್ಟುಕೊಳ್ಳುತ್ತವೆ. ಸಾಲು ಮೇಲೆ ಕೆಳಗೆ ಆದರೆ ಆ ಭಾಗ ಬದಲಾಗಿಯೇ ಆಗುತ್ತದೆ. ಹೋಲಿಸಬೇಕಾದ್ದು ಕೋಡ್ ಭಾಗವನ್ನು. 2019ರ ಗಿಟ್ 2.23ರಿಂದ ಇಂಥ ಕಮಿಟ್‌ಗಳನ್ನು ಬ್ಲೇಮ್‌ನಲ್ಲಿ ಕಡೆಗಣಿಸಲು ಪಟ್ಟಿ ಕೊಡುವ ಸೌಲಭ್ಯವೂ ಇದೆ, ಬಳಸಿಕೊಳ್ಳಿ. ಬ್ಯಾಕ್‌ಪೋರ್ಟ್ ಕಷ್ಟವನ್ನು ಮಾತ್ರ ಅದು ಕಡಿಮೆ ಮಾಡದು.

ಯಂತ್ರ ನೋಡಲಾಗದ ಸ್ಟೈಲ್ ಕೂಡ ಇದೆ. ರಿವ್ಯೂನಲ್ಲಿ ನಿಮ್ಮ ಸಮಯ ಅಲ್ಲಿಗೆ ಸಲ್ಲಬೇಕು. ಫಂಕ್ಷನ್ ಹೆಸರು ಅದು ಮಾಡುವುದನ್ನೇ ಹೇಳುತ್ತದೆಯೇ? ಕೊನೆಯಲ್ಲಿ ಲೇಬಲ್‌ಗಳಿಗೆ ಹಾರಿ ಬಿಡುಗಡೆ ಮಾಡುವಾಗ, ಪಡೆದ ಕ್ರಮಕ್ಕೆ ತದ್ವಿರುದ್ಧ ಕ್ರಮದಲ್ಲಿ ಬಿಡುತ್ತಿದ್ದಾರೆಯೇ? ಯಾವ ಲಾಕ್ ಹಿಡಿದು ಈ ಫಂಕ್ಷನ್ ಕರೆಯಬೇಕು ಎಂದು ಎಲ್ಲಾದರೂ ಬರೆದಿದೆಯೇ? ಮ್ಯಾಕ್ರೋ ಒಂದಕ್ಕಿಂತ ಹೆಚ್ಚು ಸ್ಟೇಟ್‌ಮೆಂಟ್ ಹೊಂದಿದ್ದರೆ ಡು-ವೈಲ್-ಸೊನ್ನೆಯೊಳಗೆ ಸುತ್ತಿದ್ದಾರೆಯೇ? ಇವು ರುಚಿಯ ಪ್ರಶ್ನೆಗಳಲ್ಲ.

ಸ್ಟೈಲ್ ಮತ್ತು ಲಾಗ್ ಒಂದಕ್ಕೊಂದು ತಾಗುವ ಒಂದು ನಿಯಮ ನನಗೆ ಬಹಳ ಇಷ್ಟ. ಕರ್ನಲ್‌ನ ಕೋಡಿಂಗ್ ಸ್ಟೈಲ್ ದಾಖಲೆ ಸಾಲಿಗೆ 80 ಅಕ್ಷರ ಇರಲಿ ಎನ್ನುತ್ತದೆ. ಚೆಕ್‌ಪ್ಯಾಚ್ 2020ರಿಂದ 100ರವರೆಗೆ ಸುಮ್ಮನಿರುತ್ತದೆ. ಆದರೆ ಬಳಕೆದಾರರಿಗೆ ಕಾಣುವ ಸಂದೇಶದ ಪಠ್ಯವನ್ನು ಮಾತ್ರ ಎಷ್ಟೇ ಉದ್ದವಾದರೂ ಮುರಿಯಬಾರದು. ಯಾಕೆಂದರೆ ಎಲ್ಲೋ ಒಂದು ಯಂತ್ರದಲ್ಲಿ ಬಂದ ಸಂದೇಶವನ್ನು ಹಿಡಿದು ಕೋಡಿನಲ್ಲಿ ಗ್ರೆಪ್ ಮಾಡುವವರಿಗೆ (ಹುಡುಕುವವರಿಗೆ) ಅದು ಒಂದೇ ತುಂಡಾಗಿ ಸಿಗಬೇಕು. ಅಗಲದ ನಿಯಮ ಓದುವವರಿಗಾಗಿ ಇತ್ತು, ಅದನ್ನು ಮೀರುವ ವಿನಾಯಿತಿಯೂ ಓದುವವರಿಗಾಗಿಯೇ ಇದೆ.

"ಡಿಬಗ್ ಲೆವೆಲ್‌ಗೆ ಇಳಿಸಿದರೆ ಸಾಲದೇ?"

ಸಾಲದು. ಇಲ್ಲಿ ಬಹಳ ಜನರಿಗೆ ಇರುವ ಗೊಂದಲವನ್ನು ಬಿಡಿಸಬೇಕು.

ಲಿನಕ್ಸ್‌ನಲ್ಲಿ ಎಂಟು ಲೆವೆಲ್‌ಗಳಿವೆ, 0 ತುರ್ತು, 7 ಡಿಬಗ್. ಪ್ರಿಂಟ್‌ಕೆಗೆ 7 ಕೊಟ್ಟರೆ ಸಂದೇಶ ಸಾಮಾನ್ಯವಾಗಿ ಕನ್ಸೋಲ್‌ನಲ್ಲಿ ಕಾಣಿಸುವುದಿಲ್ಲ. ಕಾಣಿಸುವುದಿಲ್ಲ ಎಂದರೆ ಕೆಲಸ ನಡೆಯುವುದಿಲ್ಲ ಎಂದಲ್ಲ. ಆರ್ಗ್ಯುಮೆಂಟ್‌ಗಳ ಲೆಕ್ಕ ಆಗುತ್ತದೆ, ಪಠ್ಯ ತಯಾರಾಗುತ್ತದೆ, ಕರ್ನಲ್ ಲಾಗ್ ಬಫರ್‌ಗೆ ಹೋಗಿ ಕೂರುತ್ತದೆ. ಆ ಬಫರ್ ಸಾಮಾನ್ಯವಾಗಿ 128 ಕಿಲೋಬೈಟ್. ಒಂದು ಸಾಲಿಗೆ 100 ಬೈಟ್ ಎಂದರೂ ಸುಮಾರು 1300 ಸಾಲು. ನಿಮ್ಮ ಸೆನ್ಸರ್ ಸೆಕೆಂಡಿಗೆ ಸಾವಿರ ಇಂಟರಪ್ಟ್ ಕೊಟ್ಟು ಪ್ರತಿಯೊಂದಕ್ಕೂ ಒಂದು ಸಾಲು ಬರೆದರೆ ಒಂದೂಕಾಲು ಸೆಕೆಂಡಿನಲ್ಲಿ ಬಫರ್ ತುಂಬಿ ಹಳೆಯದು ಅಳಿಯುತ್ತದೆ. ಅದೇ ಹೊತ್ತಿಗೆ ಡಿಸ್ಕ್ ಡ್ರೈವರ್ ಬರೆದ ನಿಜವಾದ ಎರರ್ ಕೂಡ ಅಳಿಸಿಹೋಗುತ್ತದೆ. ಗ್ರಾಹಕರ ಬಳಿ ತೊಂದರೆ ಬಂದಾಗ ಏನು ಗತಿ ಎಂದು ಕೇಳಿದಿರಲ್ಲ, ಅತಿಯಾದ ಲಾಗ್ ಕೂಡ ಅದೇ ಗತಿಗೆ ತರುತ್ತದೆ.

ಪಿಆರ್_ಡಿಬಗ್, ಡೆವ್_ಡಿಬಿಜಿ ಎಂಬ ಡಿಬಗ್ ಲಾಗ್ ಮ್ಯಾಕ್ರೋಗಳು ಬೇರೆ ಜಾತಿಯವು. ಕರ್ನಲ್ ಕಟ್ಟುವಾಗ ಡೈನಮಿಕ್ ಡಿಬಗ್ ಆಯ್ಕೆ ಇಲ್ಲದಿದ್ದರೆ, ಡಿಬಗ್ ಮ್ಯಾಕ್ರೋ ಕೂಡ ಇಲ್ಲದಿದ್ದರೆ, ಕಂಪೈಲರ್ ಫಾರ್ಮ್ಯಾಟ್ ಸರಿಯಿದೆಯೇ ಎಂದಷ್ಟೇ ನೋಡಿ ಸಾಲನ್ನೇ ಕೈಬಿಡುತ್ತದೆ. ಡೈನಮಿಕ್ ಡಿಬಗ್ ಇದ್ದರೆ ಸಾಲು ಉಳಿಯುತ್ತದೆ, ಆದರೆ ಮುಚ್ಚಿರುತ್ತದೆ. ಜಂಪ್ ಲೇಬಲ್ (ಓಡುತ್ತಿರುವ ಕೋಡಿನ ಸೂಚನೆಯನ್ನೇ ಬದಲಿಸುವ) ಸೌಲಭ್ಯವಿರುವ ಪ್ರೊಸೆಸರ್‌ಗಳಲ್ಲಿ ಮುಚ್ಚಿದ ಸಾಲಿನ ಖರ್ಚು ಬಹುತೇಕ ಒಂದು ಖಾಲಿ ಸೂಚನೆಯಷ್ಟೇ. ಬೇಕಾದಾಗ ಓಡುತ್ತಿರುವ ಯಂತ್ರದಲ್ಲೇ, ಡಿಬಗ್‌ಎಫ್‌ಎಸ್ ಎಂಬ ಡಿಬಗ್ ಫೈಲ್‌ಸಿಸ್ಟಮ್‌ನ ಕಂಟ್ರೋಲ್ ಫೈಲಿಗೆ ಬರೆದು, ಒಂದು ಫೈಲಿನ ಅಥವಾ ಒಂದೇ ಫಂಕ್ಷನ್ನಿನ ಲಾಗ್ ಮಾತ್ರ ತೆರೆಯಬಹುದು. ಕರ್ನಲ್ ಮರುಕಟ್ಟುವ ಅಗತ್ಯವಿಲ್ಲ. ಗ್ರಾಹಕರ ಬಳಿ ಬೇಕಾದದ್ದು ಇದು.

ಇದರ ಅಪಾಯಗಳನ್ನೂ ಹೇಳಬೇಕು. ಮುಚ್ಚಿದ್ದಾಗ ಆರ್ಗ್ಯುಮೆಂಟ್‌ಗಳ ಲೆಕ್ಕ ನಡೆಯುವುದಿಲ್ಲ, ತೆರೆದಾಗ ನಡೆಯುತ್ತದೆ. ಆದ್ದರಿಂದ ಆರ್ಗ್ಯುಮೆಂಟ್ ಒಳಗೆ ರಿಜಿಸ್ಟರ್ ಓದುವುದು, ಕೌಂಟರ್ ಏರಿಸುವುದು, ಲಾಕ್ ಹಿಡಿಯುವ ಫಂಕ್ಷನ್ ಕರೆಯುವುದು ಬೇಡವೇ ಬೇಡ. ಬೆಲೆಯನ್ನು ಮೊದಲೇ ಲೋಕಲ್ ವೇರಿಯಬಲ್‌ಗೆ ತೆಗೆದುಕೊಂಡು ಅದನ್ನು ಕೊಡಿ. ರಿವ್ಯೂನಲ್ಲಿ ಲಾಗ್ ಸಾಲು ಕಂಡ ಕೂಡಲೇ ನಾನು ನೋಡುವ ಮೊದಲ ಜಾಗ ಇದು. ಎರಡನೆಯದಾಗಿ, ನಿಮ್ಮ ಉತ್ಪನ್ನದ ಕರ್ನಲ್‌ನಲ್ಲಿ ಡೈನಮಿಕ್ ಡಿಬಗ್ ಚಾಲೂ ಇದೆಯೇ? ಜಾಗ ಉಳಿಸಲು ಅದನ್ನು ಆಫ್ ಮಾಡಿರುವ ಸಂದರ್ಭಗಳು ಕಡಿಮೆಯಲ್ಲ. ಆಫ್ ಮಾಡಿದ್ದರೆ ನೀವು ನಂಬಿದ ಲಾಗ್ ಅಲ್ಲಿ ಇರುವುದೇ ಇಲ್ಲ.

ಯಾವುದು ಉಳಿಯಬೇಕು, ಯಾವುದು ಹೋಗಬೇಕು

"ಎಲ್ಲ ತೆಗೆಯಿರಿ" ಎನ್ನುವುದು ಸೋಮಾರಿ ಸಲಹೆ. "ಎಲ್ಲ ಇರಲಿ" ಎನ್ನುವುದೂ ಅಷ್ಟೇ. ಒಂದೊಂದೇ ಸಾಲು ತೆಗೆದುಕೊಂಡು ನೋಡಬೇಕು.

ಫಂಕ್ಷನ್ ಒಳಗೆ ಬಂದೆ, ಹೊರಗೆ ಹೋದೆ ಎನ್ನುವ ಸಾಲುಗಳು ಹೋಗಬೇಕು. ಎಫ್‌ಟ್ರೇಸ್ ಆ ಕೆಲಸವನ್ನು ಒಂದಕ್ಷರ ಕೋಡ್ ಬದಲಿಸದೆ ಮಾಡುತ್ತದೆ. ಇಂಥ ಸಾಲು ಕಂಡರೆ ಚೆಕ್‌ಪ್ಯಾಚ್ ಕೂಡ ಎಫ್‌ಟ್ರೇಸ್ ಬಳಸಿ ಎನ್ನುತ್ತದೆ. ಮೆಮೊರಿ ಸಿಗಲಿಲ್ಲ ಎಂಬ ಸಂದೇಶ ಬೇಡ, ಕರ್ನಲ್‌ನ ಅಲೊಕೇಟರ್ ಸೋತಾಗ ತಾನೇ ಸ್ಟ್ಯಾಕ್ ಸಮೇತ ಹೇಳುತ್ತದೆ. ಡ್ರೈವರ್ ಯಶಸ್ವಿಯಾಗಿ ಶುರುವಾಯಿತು ಎಂಬ ಘೋಷಣೆಯೂ ಬೇಡ. ಸರಿಯಾಗಿ ಕೆಲಸ ಮಾಡುತ್ತಿರುವ ಡ್ರೈವರ್ ಮೌನವಾಗಿರುತ್ತದೆ ಎಂಬುದು ಕರ್ನಲ್‌ನ ಸ್ಟೈಲ್ ದಾಖಲೆಯಲ್ಲೇ ಇರುವ ಮಾತು.

ಎರರ್ ಪಾತ್‌ನ ಸಂದೇಶ ಉಳಿಯಬೇಕು, ಆದರೆ ಒಂದು ಸೋಲಿಗೆ ಒಂದೇ ಸಾಲು. ಕೆಳಗಿನ ಫಂಕ್ಷನ್ ಹೇಳಿ, ಅದನ್ನು ಕರೆದದ್ದೂ ಹೇಳಿ, ಅದರ ಮೇಲಿನದೂ ಹೇಳಿದರೆ ಓದುವವರಿಗೆ ಮೂರು ಬೇರೆ ಬೇರೆ ತೊಂದರೆಗಳಂತೆ ಕಾಣುತ್ತದೆ. ಏನು ಮಾಡಲು ಹೋಗಿತ್ತು, ಯಾವ ಎರರ್ ಕೋಡ್ ಬಂತು, ಎರಡೂ ಇರಲಿ. ಡೆವ್_ಎರ್ ಬಳಸಿದರೆ ಯಾವ ಡಿವೈಸ್ ಎಂಬುದು ತಾನಾಗಿಯೇ ಸೇರುತ್ತದೆ. ಒಂದೇ ಬೋರ್ಡ್‌ನಲ್ಲಿ ಅದೇ ಸೆನ್ಸರ್ ನಾಲ್ಕಿದ್ದಾಗ ಅದರ ಬೆಲೆ ತಿಳಿಯುತ್ತದೆ. ಪ್ರೋಬ್ (ಡಿವೈಸ್ ಸಿಕ್ಕಾಗ ಡ್ರೈವರ್ ಅದನ್ನು ಸಿದ್ಧಪಡಿಸುವ ಫಂಕ್ಷನ್) ಒಳಗಾದರೆ ಡೆವ್_ಎರ್_ಪ್ರೋಬ್ ಬಳಸಿ. ಬೇರೆ ಡ್ರೈವರ್ ಇನ್ನೂ ಬಂದಿಲ್ಲ, ನಂತರ ಪ್ರಯತ್ನಿಸೋಣ ಎಂಬ ಸಂದರ್ಭವನ್ನು ಅದು ಎರರ್ ಎಂದು ಕೂಗುವುದಿಲ್ಲ.

ಹೊರಗಿನವರು ಪ್ರಚೋದಿಸಬಹುದಾದ ಸಂದೇಶಕ್ಕೆ ಕಡಿವಾಣ ಬೇಕೇ ಬೇಕು. ನೆಟ್‌ವರ್ಕ್‌ನಿಂದ ಬಂದ ಕೆಟ್ಟ ಪ್ಯಾಕೆಟ್‌ಗೆ, ಸಾಮಾನ್ಯ ಬಳಕೆದಾರರ ತಪ್ಪು ಐಯೊಕ್ಟ್ಲ್‌ಗೆ (ಡಿವೈಸ್‌ಗೆ ಆದೇಶ ಕೊಡುವ ಸಿಸ್ಟಮ್ ಕಾಲ್‌ಗೆ) ಒಂದೊಂದು ಸಾಲು ಬರೆದರೆ, ಯಂತ್ರವನ್ನು ನಿಧಾನಿಸಲು ದೂರದಲ್ಲಿರುವವರಿಗೆ ನೀವೇ ಕೀಲಿ ಕೊಟ್ಟಂತೆ. ರೇಟ್‌ಲಿಮಿಟೆಡ್ ರೂಪಗಳು ಡಿಫಾಲ್ಟ್ ಆಗಿ 5 ಸೆಕೆಂಡಿಗೆ 10 ಸಂದೇಶಗಳನ್ನು ಮಾತ್ರ ಬಿಡುತ್ತವೆ. ಲಾಗ್ ನೋಡಿ ಎಷ್ಟು ಸಲ ಆಯಿತು ಎಂದು ಎಣಿಸುವವರಿಗೆ ಮಾತ್ರ ಅದು ತಪ್ಪು ಲೆಕ್ಕ ಕೊಡುತ್ತದೆ.

ಪಾಯಿಂಟರ್ ವಿಳಾಸಗಳನ್ನು ಹೊರಗೆ ಹಾಕಬೇಡಿ. 2018ರ ಜನವರಿಯಲ್ಲಿ ಬಂದ ಕರ್ನಲ್ 4.15ರಿಂದ %ಪಿ ಎಂದು ಕೊಟ್ಟರೆ ನಿಜವಾದ ವಿಳಾಸದ ಬದಲು ಅದರ ಹ್ಯಾಶ್ (ಮೂಲ ತಿಳಿಯದಂತೆ ಮರೆಮಾಡಿದ ಸಂಖ್ಯೆ) ಬರುತ್ತದೆ. ವಿಳಾಸ ಬೇಕೇ ಬೇಕೆಂದು %ಪಿಎಕ್ಸ್ ಹಾಕಿದ ಸಾಲು ರಿವ್ಯೂನಲ್ಲಿ ಕಂಡರೆ ನಿಲ್ಲಿಸಿ ಕೇಳಿ. ಕರ್ನಲ್ ಎಲ್ಲಿ ಕೂತಿದೆ ಎಂಬುದನ್ನು ಗುಟ್ಟಾಗಿಡುವ ರಕ್ಷಣೆ ಆ ಒಂದು ಸಾಲಿನಿಂದ ಸೋರಿಹೋಗುತ್ತದೆ. ಕೀಗಳು, ಟೋಕನ್‌ಗಳು, ಬಳಕೆದಾರರ ಬಫರ್‌ನ ಹೆಕ್ಸ್ ಡಂಪ್ ಇವಕ್ಕೂ ಇದೇ ಮಾತು. ಡಿಬಗ್ ಲೆವೆಲ್‌ನಲ್ಲಿದೆ ಎಂಬುದು ಸಮಜಾಯಿಷಿಯಲ್ಲ, ಒಂದು ದಿನ ಯಾರೋ ಅದನ್ನು ತೆರೆಯುತ್ತಾರೆ ಎಂದೇ ಅದು ಅಲ್ಲಿರುವುದು.

ನಿಮ್ಮ ಡ್ರೈವರ್‌ಗೆ ಲಾಗ್‌ಗಿಂತ ಹೆಚ್ಚು ಬೇಕಿರುವುದು ಕೌಂಟರ್. ಎಷ್ಟು ಇಂಟರಪ್ಟ್ ಬಂತು, ಎಷ್ಟು ಸ್ಯಾಂಪಲ್ ಓದಿದೆವು, ಎಷ್ಟು ಸಲ ಬಫರ್ ತುಂಬಿ ಬಿಟ್ಟೆವು: ಮೂರೇ ಸಂಖ್ಯೆ, ಡಿಬಗ್‌ಎಫ್‌ಎಸ್ ಮೂಲಕ ಓದುವಂತಿರಲಿ. ಖರ್ಚು ಬಹುತೇಕ ಇಲ್ಲ, ಸಮಯವನ್ನು ಕಲಕುವುದಿಲ್ಲ, ವಾರಗಟ್ಟಲೆ ಓಡಿದ ಯಂತ್ರದಲ್ಲೂ ಇಡೀ ಅವಧಿಯ ಲೆಕ್ಕ ಸಿಗುತ್ತದೆ. ಡೇಟಾ ಕಳೆಯುವ ದೋಷಗಳಲ್ಲಿ ಸಾವಿರ ಸಾಲಿನ ಲಾಗ್‌ಗಿಂತ ಎರಡು ಕೌಂಟರ್‌ಗಳ ವ್ಯತ್ಯಾಸವೇ ದಾರಿ ತೋರಿಸಿದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಘಟನೆಗಳ ಕ್ರಮವೂ ಬೇಕೆಂದರೆ ಟ್ರೇಸ್‌ಪಾಯಿಂಟ್ (ಬೇಕಾದಾಗ ತೆರೆದು ಘಟನೆ ದಾಖಲಿಸುವ ಗುರುತು) ಸೇರಿಸಿ. ಮುಚ್ಚಿದ್ದಾಗ ಅದರ ಭಾರ ತೀರಾ ಕಡಿಮೆ. ಆದರೆ ಅದರ ರೂಪ ಒಮ್ಮೆ ಹೊರಬಿದ್ದರೆ ಅದನ್ನು ನಂಬಿ ಬೇರೆಯವರು ಸಾಧನ ಕಟ್ಟಬಹುದು, ಆಮೇಲೆ ಬದಲಿಸುವುದು ಕಷ್ಟ. ಯೋಚಿಸಿ ಸೇರಿಸಿ.

ಕರ್ನಲ್ ಹೊರಗಿನ ಸಿಸ್ಟಮ್ಸ್ ಕೋಡ್ ರಿವ್ಯೂ ಮಾಡುವ ಸಂದರ್ಭ ಬಂದರೆ ಕೆಲವು ಮಾತು ನೆನಪಿರಲಿ. ಸಿಗ್ನಲ್ ಹ್ಯಾಂಡ್ಲರ್ ಒಳಗೆ ಪ್ರಿಂಟ್‌ಎಫ್ ಕರೆಯುವಂತಿಲ್ಲ, ಅದು ಅಲ್ಲಿ ಸುರಕ್ಷಿತವಲ್ಲ, ರೈಟ್ ಸಿಸ್ಟಮ್ ಕಾಲ್ ಸುರಕ್ಷಿತ. ಸಿಸ್ಟಮ್ ಕಾಲ್ ಸೋತ ಮೇಲೆ ಎರ್‌ನೋ (ಎರರ್ ಸಂಖ್ಯೆ ಇರುವ ವೇರಿಯಬಲ್) ನೋಡುವ ಮೊದಲೇ ಲಾಗ್ ಬರೆದರೆ ಆ ಲಾಗ್ ಫಂಕ್ಷನ್ನೇ ಎರ್‌ನೋ ಬದಲಿಸಿರಬಹುದು, ಮೊದಲು ಅದನ್ನು ತೆಗೆದಿಟ್ಟುಕೊಳ್ಳಬೇಕು. ಆರ್ಮ್ ಮೈಕ್ರೋಕಂಟ್ರೋಲರ್‌ಗಳಲ್ಲಿ ಸೆಮಿಹೋಸ್ಟಿಂಗ್ (ಡಿಬಗ್ಗರ್ ದಾರಿಯಾಗಿ ಕಂಪ್ಯೂಟರ್‌ಗೆ ಬರೆಯುವುದು) ಮೂಲಕ ಪ್ರಿಂಟ್ ಮಾಡಿದರೆ ಪ್ರತಿ ಸಲವೂ ಪ್ರೊಸೆಸರ್ ನಿಂತು ಡಿಬಗ್ಗರ್‌ಗೆ ಕಾಯುತ್ತದೆ. ಡಿಬಗ್ಗರ್ ಕಿತ್ತರೆ ಫರ್ಮ್‌ವೇರ್ ಅಲ್ಲೇ ಬಿದ್ದುಹೋಗುತ್ತದೆ. ಲ್ಯಾಬ್‌ನಲ್ಲಿ ಓಡುತ್ತದೆ, ಹೊರಗೆ ಓಡುವುದಿಲ್ಲ ಎಂಬ ದೂರಿನ ಹಿಂದೆ ಇದಿರುವುದು ಅಪರೂಪವಲ್ಲ.

ಈಗ ನೀವು ಮಾಡಬೇಕಾದ್ದು

ರಿವ್ಯೂ ಬರೆಯುವಾಗ ಮೊದಲು ಕಮಿಟ್ ಸಂದೇಶ ಓದಿ, ದೋಷಕ್ಕೆ ಕಾರಣ ಕೊಟ್ಟಿದ್ದಾರೆಯೇ ನೋಡಿ. ಲಕ್ಷಣ ಮಾತ್ರ ಬರೆದು ಕಾರಣ ಬರೆಯದಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ, ಉಳಿದ ಟಿಪ್ಪಣಿಗಳು ಕಾಯಲಿ. ನಂತರ ಲಾಕ್, ಎರರ್ ಪಾತ್, ಆಮೇಲೆ ಲಾಗ್. ಸ್ಟೈಲ್ ಕೊನೆಗೆ, ಅದೂ ಯಂತ್ರ ಹಿಡಿಯದೇ ಬಿಟ್ಟದ್ದು ಮಾತ್ರ. ಯಾವ ಟಿಪ್ಪಣಿ ಮರ್ಜ್‌ಗೆ ಅಡ್ಡಿ, ಯಾವುದು ಬರೀ ಸಲಹೆ ಎಂದು ಬಿಡಿಸಿ ಬರೆಯಿರಿ. ಲಾಗ್ ತೆಗೆಯಿರಿ ಎನ್ನುವ ಮೊದಲು ಅದನ್ನು ಯಾಕೆ ಹಾಕಿದಿರಿ ಎಂದು ಕೇಳಿ. ನಿಮ್ಮನ್ನು ಯಾರಾದರೂ ಹಾಗೆ ಕೇಳಿದ್ದರೆ ರೇಸ್‌ನ ವಿಷಯ ಅಂದೇ ಹೊರಬರುತ್ತಿತ್ತು.

ನಿಮ್ಮ ಪ್ಯಾಚನ್ನು ಸದ್ಯ ಹಿಂತೆಗೆದುಕೊಳ್ಳಿ. ಲಾಗ್ ಸಾಲುಗಳ ಆರ್ಗ್ಯುಮೆಂಟ್‌ಗಳಲ್ಲಿ ರಿಜಿಸ್ಟರ್ ಓದುವಿಕೆ ಇದೆಯೇ ನೋಡಿ, ಟ್ರೇಸ್_ಪ್ರಿಂಟ್‌ಕೆ ಹಾಕಿ ದೋಷವನ್ನು ಮತ್ತೆ ಬರಿಸಿ, ಕಾರಣ ಹಿಡಿಯಿರಿ. ನಂತರ ಸರಣಿಯಾಗಿ ಕಳಿಸಿ. ಮೊದಲನೆಯದರಲ್ಲಿ ತಿದ್ದುಪಡಿ ಮಾತ್ರ, ಲಾಗ್ ಇದ್ದಾಗ ತೊಂದರೆ ಯಾಕೆ ಮರೆಯಾಗುತ್ತಿತ್ತು ಎಂಬ ವಿವರಣೆ ಅದರ ಕಮಿಟ್ ಸಂದೇಶದಲ್ಲೇ ಇರಲಿ. ಎರಡನೆಯದರಲ್ಲಿ ಕೌಂಟರ್‌ಗಳು. ಮೂರನೆಯದರಲ್ಲಿ, ಇನ್ನೂ ಬೇಕೆನಿಸಿದರೆ, ಇಂಟರಪ್ಟ್ ಹ್ಯಾಂಡ್ಲರ್‌ನ ಹೊರಗೆ ಎರಡೋ ಮೂರೋ ಡೆವ್_ಡಿಬಿಜಿ ಸಾಲು. ಇಂಡೆಂಟೇಶನ್ ಈ ಸರಣಿಯಲ್ಲಿ ಬೇಡ. ತಿದ್ದುಪಡಿ ಸ್ಟೇಬಲ್ ಆವೃತ್ತಿಗಳಿಗೆ ತಲುಪಿದ ಮೇಲೆ ಅದನ್ನು ಬೇರೆಯಾಗಿ ಕಳಿಸಬಹುದು.